ಮಾಸ್ಟರ್ ಸರ್ಟಿಫಿಕೇಟಿಗೆ ಎರಡೂವರೆ ಲಕ್ಷ ಹಾಕಬೇಕಾ?

ಪ್ರಶ್ನೆ: ನಾನು ಮೈಸೂರಿನವಳು, ವಯಸ್ಸು 38. ಹನ್ನೆರಡು ವರ್ಷ ಬೆಂಗಳೂರಿನ ಕಂಪನಿಗಳಲ್ಲಿ ಒರಾಕಲ್ ಡೇಟಾಬೇಸ್ ನೋಡಿಕೊಳ್ಳುವ ಡಿಬಿಎ ಆಗಿದ್ದೆ. ಎರಡು ವರ್ಷದಿಂದ ಮನೆಯಿಂದಲೇ ಫ್ರೀಲಾನ್ಸ್ ಮಾಡುತ್ತಿದ್ದೇನೆ. ಈಗ ಮೂರು ಕ್ಲೈಂಟ್‌ಗಳಿದ್ದಾರೆ. ಹಾಸನದ ಒಂದು ಆಸ್ಪತ್ರೆ ಮತ್ತು ಬೆಂಗಳೂರಿನ ಒಂದು ಕಾರ್ಖಾನೆ, ಇಬ್ಬರದ್ದೂ ಒರಾಕಲ್‌ನ ಕಡಿಮೆ ಬೆಲೆಯ ಆವೃತ್ತಿ, ಸ್ಟ್ಯಾಂಡರ್ಡ್ ಎಡಿಷನ್ 2. ಮೂರನೆಯದು ದುಬೈನ ಒಂದು ಸರಕು ಸಾಗಣೆ ಸಂಸ್ಥೆ, ಏಜೆನ್ಸಿ ಮೂಲಕ ಸಿಕ್ಕಿದ್ದು. ಅವರು ಒರಾಕಲ್ ಬಿಟ್ಟು, ಬಿಟ್ಟಿ ಸಿಗುವ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಹೋಗುವ ಮಾತಾಡುತ್ತಿದ್ದಾರೆ. ದಿನಕ್ಕೆ 9 ಸಾವಿರ ತಗೋತೀನಿ. ವರ್ಷಕ್ಕೆ ಸುಮಾರು 160 ದಿನದ ಬಿಲ್ ಆಗುತ್ತದೆ. 12ಸಿ ವರ್ಷನ್‌ನ ಓಸಿಪಿ (ಒರಾಕಲ್‌ನ ವೃತ್ತಿಪರ ದರ್ಜೆಯ ಸರ್ಟಿಫಿಕೇಟ್) ಇದೆ. ಈಗ ಒಂದು ತರಬೇತಿ ಸಂಸ್ಥೆಯವರು ಮಾಸ್ಟರ್ ಮಟ್ಟದ ಸರ್ಟಿಫಿಕೇಟಿಗೆ ತರಬೇತಿ, ಪರೀಕ್ಷೆ ಎಲ್ಲ ಸೇರಿ ಎರಡೂವರೆ ಲಕ್ಷ ಹೇಳಿದ್ದಾರೆ. 45 ದಿನ ಪೂರ್ತಿ ಕೂರಬೇಕಂತೆ. ಮಾಡಿದರೆ ರೇಟ್ ದುಪ್ಪಟ್ಟಾಗುತ್ತದೆ ಅಂತ ಅವರ ಮಾತು. ಮನೆಯವರು ಯೋಚನೆ ಮಾಡು ಅಂತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಆ ದುಡ್ಡು ಈಗ ಕಟ್ಟಬೇಡಿ. ಆದರೆ ಆ ಪರೀಕ್ಷೆಯ ಪಠ್ಯವನ್ನು ಕೈಬಿಡಬೇಡಿ. ಮನೆಯಲ್ಲೇ ಕೂತು ಒಂದೊಂದಾಗಿ ಮಾಡಿ ನೋಡಿ. ಕಲಿಯುವುದು ಬೇರೆ, ಕಾಗದ ಕೊಳ್ಳುವುದು ಬೇರೆ. ಕಂಪನಿಯಲ್ಲಿ ಇದ್ದಾಗ ಇವೆರಡನ್ನೂ ಒಟ್ಟಿಗೆ ನೋಡಿದರೂ ನಡೆಯುತ್ತದೆ. ಫೀಸು ಅವರು ಕಟ್ಟುತ್ತಾರೆ, ರಜೆಯೂ ಕೊಡುತ್ತಾರೆ. ನಿಮಗೆ ಎರಡೂ ಸ್ವಂತ ಜೇಬಿನಿಂದ ಹೋಗಬೇಕು. ಹಾಗಾಗಿ ಬೇರೆ ಬೇರೆಯಾಗಿ ಲೆಕ್ಕ ಹಾಕಲೇಬೇಕು.

ಲೆಕ್ಕವನ್ನೇ ಮೊದಲು ನೋಡೋಣ. ಸಂಸ್ಥೆಯವರು ಎರಡೂವರೆ ಲಕ್ಷ ಅಂದರು. ಅವರು ಹೇಳದೆ ಬಿಟ್ಟದ್ದು ನಿಮ್ಮ 45 ದಿನ. ದಿನಕ್ಕೆ 9 ಸಾವಿರದಂತೆ ಅದು 4 ಲಕ್ಷ 5 ಸಾವಿರ. ಎರಡೂ ಸೇರಿ 6 ಲಕ್ಷ 55 ಸಾವಿರ ಆಯಿತು. ಆ 45 ದಿನವೂ ಬಿಲ್ ಆಗುತ್ತಿರಲಿಲ್ಲ ಅನ್ನಬಹುದು. ಅರ್ಧ ಬಿಡಿ, ಆದರೂ ನಾಲ್ಕೂವರೆ ಲಕ್ಷ. ಇನ್ನು ಸರ್ಟಿಫಿಕೇಟ್ ಬಂದ ಮೇಲೆ ದಿನಕ್ಕೆ 500 ರೂಪಾಯಿ ಜಾಸ್ತಿ ಕೇಳಿದಿರಿ, ಕೊಟ್ಟರು ಅಂದುಕೊಳ್ಳಿ. 160 ದಿನಕ್ಕೆ 80 ಸಾವಿರ ಆಗುತ್ತದೆ. ಪೂರ್ತಿ ಆರೂವರೆ ಲಕ್ಷ ವಾಪಸ್ ಬರಲು ಎಂಟು ವರ್ಷ ಬೇಕು. ಎಂಟು ವರ್ಷದಲ್ಲಿ ಡೇಟಾಬೇಸಿನ ಎಷ್ಟು ವರ್ಷನ್ ಬಂದು ಹೋಗುತ್ತವೆ ಅನ್ನುವುದು ನಿಮ್ಮ ಕೈಯಲ್ಲಿರುವ 12ಸಿ ಓಸಿಪಿಯನ್ನು ನೋಡಿದರೇ ಗೊತ್ತಾಗುತ್ತದೆ, ಅಲ್ವಾ? ರೇಟ್ ನಿಜವಾಗಿಯೂ ದುಪ್ಪಟ್ಟಾದರೆ ಒಂದೇ ವರ್ಷದಲ್ಲಿ ದುಡ್ಡು ವಾಪಸ್. ಆದ್ದರಿಂದ ಆ ಸಂಸ್ಥೆಯವರಿಗೆ ಒಂದೇ ಪ್ರಶ್ನೆ ಕೇಳಿ: ನಿಮ್ಮಲ್ಲಿ ಕಲಿತು, ಕೆಲಸಕ್ಕೆ ಸೇರದೆ ಕಾಂಟ್ರಾಕ್ಟ್ ಮಾಡುತ್ತಿರುವ ಇಬ್ಬರ ಹತ್ತಿರ ಮಾತಾಡಿಸುತ್ತೀರಾ? ಸಂಬಳಕ್ಕೆ ಸೇರಿದವರ ಉದಾಹರಣೆ ಕೊಟ್ಟರೆ ಅದು ನಿಮಗೆ ಉಪಯೋಗವಿಲ್ಲ.

ಯಾಕೆ ಉಪಯೋಗವಿಲ್ಲ ಅಂದರೆ, ಸರ್ಟಿಫಿಕೇಟನ್ನು ಓದುವವರು ಬೇರೆ. ಕಂಪನಿಯಲ್ಲಿ ಅದನ್ನು ಎಚ್‌ಆರ್ ಓದುತ್ತಾರೆ. ಬಡ್ತಿಯ ಪಟ್ಟಿಯಲ್ಲಿ ಅದಕ್ಕೊಂದು ಕಾಲಂ ಇರುತ್ತದೆ. ನಿಮ್ಮ ಹಾಸನದ ಆಸ್ಪತ್ರೆಯವರು ನಿಮ್ಮನ್ನು ಕರೆದಾಗ ಓಸಿಪಿ ಇದೆಯಾ ಅಂತ ಕೇಳಿದ್ದರಾ? ಬಹುಶಃ ಇಲ್ಲ. ಯಾರೋ ಪರಿಚಯದವರು ನಿಮ್ಮ ಹೆಸರು ಹೇಳಿರುತ್ತಾರೆ. ಫ್ರೀಲಾನ್ಸ್ ಕೆಲಸ ಹೆಚ್ಚಾಗಿ ಹಾಗೇ ಬರುವುದು. ಕೆಲಸ ಕೊಡುವ ಯಜಮಾನರಿಗೆ ಓಸಿಎ, ಓಸಿಪಿ, ಓಸಿಎಂ (ಆರಂಭಿಕ, ವೃತ್ತಿಪರ, ಮಾಸ್ಟರ್ ದರ್ಜೆ) ನಡುವಿನ ವ್ಯತ್ಯಾಸ ತಿಳಿದಿರುವುದಿಲ್ಲ, ತಿಳಿಯಬೇಕಾಗಿಯೂ ಇಲ್ಲ. ಅವರು ಕೇಳುವುದು ಇಷ್ಟೇ: ರಾತ್ರಿ ಕೈಕೊಟ್ಟರೆ ಫೋನ್ ಎತ್ತುತ್ತೀರಾ? ಸರಿ ಮಾಡುತ್ತೀರಾ?

ಹಾಗಂತ ಮಾಸ್ಟರ್ ಪರೀಕ್ಷೆಯನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಓಸಿಪಿ ಪರೀಕ್ಷೆಯಲ್ಲಿ ಉತ್ತರಕ್ಕೆ ಟಿಕ್ ಹಾಕಿದರೆ ಆಯಿತು. ಓಸಿಎಂ ಅಂತ ಹೆಸರು ಮಾಡಿದ ಪರೀಕ್ಷೆ ಹಾಗಲ್ಲ. 11ಜಿ, 12ಸಿ ಕಾಲದಲ್ಲಿ ಅದು ಎರಡು ದಿನದ ಪ್ರಾಕ್ಟಿಕಲ್. ಸರ್ವರ್ ಮುಂದೆ ಕೂರಿಸಿ, ಡೇಟಾಬೇಸ್ ಕಟ್ಟು, ಬ್ಯಾಕಪ್ ಇಡು, ಹಾಳಾದದ್ದನ್ನು ಎತ್ತಿ ನಿಲ್ಲಿಸು, ನಿಧಾನವಾಗಿದ್ದನ್ನು ಚುರುಕು ಮಾಡು, ಡೇಟಾ ಗಾರ್ಡ್ (ಇನ್ನೊಂದು ಸರ್ವರಿನಲ್ಲಿ ಸದಾ ಸಿದ್ಧವಿರುವ ನಕಲು) ಕಟ್ಟು, ರ‍್ಯಾಕ್ (ಹಲವು ಸರ್ವರ್ ಸೇರಿ ಒಂದೇ ಡೇಟಾಬೇಸ್ ಓಡಿಸುವ ವ್ಯವಸ್ಥೆ) ಕಟ್ಟು ಅನ್ನುತ್ತಿದ್ದರು. ಗಡಿಯಾರ ಓಡುತ್ತಿರುತ್ತದೆ. ಒಂದು ಹಂತದಲ್ಲಿ ಎಡವಿದರೆ ಮುಂದಿನದಕ್ಕೆ ಏಟು. ಅದನ್ನು ಪಾಸು ಮಾಡಿದವರ ಬಗ್ಗೆ ನನಗೆ ನಿಜವಾದ ಗೌರವ ಇದೆ. ನಿಮಗೆ ಹೇಳಿರುವ ಮಾಸ್ಟರ್ ಅದೇ ಪರೀಕ್ಷೆಯಾ, ಯಾವ ವರ್ಷನ್‌ಗೆ, ಈಗಲೂ ನಡೆಸುತ್ತಾರಾ ಅನ್ನುವುದನ್ನು ಒರಾಕಲ್‌ನ ಸ್ವಂತ ಪುಟದಲ್ಲಿ ನೋಡಿ. ಸಂಸ್ಥೆಯ ಬ್ರೋಶರ್ ನಂಬಿಕೊಂಡು ದುಡ್ಡು ಕಟ್ಟಬೇಡಿ. ಎಷ್ಟೋ ಕಡೆ ತರಬೇತಿ ಸಂಸ್ಥೆಯೇ ಕೊಡುವ ಪ್ರಮಾಣಪತ್ರಕ್ಕೂ ಮಾಸ್ಟರ್ ಅಂತಲೇ ಹೆಸರಿಟ್ಟಿರುತ್ತಾರೆ.

ದೊಡ್ಡ ಸರ್ಟಿಫಿಕೇಟ್ ಅಂದರೆ ಶಾಶ್ವತ ಆಸ್ತಿ ಅನ್ನುವ ನಂಬಿಕೆಯೂ ನಮ್ಮಲ್ಲಿದೆ. ಮೈಕ್ರೋಸಾಫ್ಟ್‌ನವರ ಎಸ್‌ಕ್ಯುಎಲ್ ಸರ್ವರ್ ಮಾಸ್ಟರ್ ಕಥೆ ನೋಡಿ. ಎಂಸಿಎಂ ಅಂತ ಕರೆಯುತ್ತಿದ್ದರು. ಶುರುವಿನಲ್ಲಿ ಅಮೆರಿಕದ ರೆಡ್ಮಂಡ್‌ಗೇ ಹೋಗಿ ಮೂರು ವಾರ ಕೂರಬೇಕಿತ್ತು, ಫೀಸು ಸುಮಾರು 18,500 ಡಾಲರ್. ಆಮೇಲೆ ಸುಲಭ ಮಾಡಿದರು. 500 ಡಾಲರಿನ ಒಂದು ಬರಹದ ಪರೀಕ್ಷೆ, 2,000 ಡಾಲರಿನ ಒಂದು ಲ್ಯಾಬ್ ಪರೀಕ್ಷೆ ಅಂತಾಯಿತು. 2013ರ ಆಗಸ್ಟ್ ಕೊನೆಯ ಒಂದು ಶುಕ್ರವಾರ ರಾತ್ರಿ, ಅಲ್ಲಿನ ಉದ್ದ ರಜೆಯ ಮುಂಚೆ, ಈ ಕಾರ್ಯಕ್ರಮ ನಿಲ್ಲಿಸುತ್ತಿದ್ದೇವೆ ಅಂತ ಇಮೇಲ್ ಬಂತು. ಅರ್ಧ ಓದಿಕೊಂಡಿದ್ದವರು ಅಲ್ಲೇ ನಿಂತರು. ಅಮೆಜಾನ್ ಕ್ಲೌಡ್‌ನವರ ಡೇಟಾಬೇಸ್ ಸ್ಪೆಷಾಲಿಟಿ ಸರ್ಟಿಫಿಕೇಟ್ 2020ರಲ್ಲಿ ಶುರುವಾಗಿ 2024ರ ಏಪ್ರಿಲ್‌ನಲ್ಲಿ ನಿಂತುಹೋಯಿತು. ನಾಲ್ಕೇ ವರ್ಷ. ಪಾಸಾಗಿದ್ದವರ ವಿದ್ಯೆ ಎಲ್ಲೂ ಹೋಗಲಿಲ್ಲ. ಆದರೆ ಹೊಸ ಕ್ಲೈಂಟಿಗೆ ಆ ಹೆಸರು ಹೇಳಿದರೆ ಅದೇನು ಅಂತ ವಿವರಿಸುವ ಕೆಲಸ ಅವರ ಮೇಲೇ ಬಿತ್ತು.

ವಿದ್ಯೆ ಎಲ್ಲೂ ಹೋಗುವುದಿಲ್ಲ ಅಂದೆನಲ್ಲ, ಅದಕ್ಕೆ ನನ್ನದೇ ಒಂದು ರಾತ್ರಿಯನ್ನು ಹೇಳಬೇಕು.

ದಾವಣಗೆರೆ ಕಡೆಯ ಒಂದು ಸಗಟು ವ್ಯಾಪಾರದವರು. ದೀಪಾವಳಿಗೆ ಎರಡು ದಿನ ಇತ್ತು. ರಾತ್ರಿ ಎಂಟಕ್ಕೆ ಫೋನ್. "ಸಾರ್, ಬಿಲ್ ಆಗ್ತಾ ಇಲ್ಲ. ಗೋಡೌನ್ ಮುಂದೆ ಹನ್ನೊಂದು ಲಾರಿ ನಿಂತಿವೆ." ಪರದೆ ಮೇಲೆ ಓಆರ್‌ಎ-00257. ನಿಮಗೆ ನೋಡುತ್ತಲೇ ಗೊತ್ತಾಗುತ್ತದೆ, ಆರ್ಕೈವ್ ಲಾಗ್ (ಡೇಟಾಬೇಸಿನ ಬದಲಾವಣೆಗಳ ದಾಖಲೆ) ಬರೆಯಲು ಜಾಗ ಇಲ್ಲ, ಡೇಟಾಬೇಸ್ ನಿಂತಿದೆ. ಅಲ್ಲಿದ್ದ ಹುಡುಗ ಬುದ್ಧಿವಂತ. ಡಿಸ್ಕ್ ತುಂಬಿದೆ ಅಂತ ತಿಳಿದು ಹಳೇ ಲಾಗ್ ಫೈಲುಗಳನ್ನು ಅವನೇ ಅಳಿಸಿದ್ದ. "ಜಾಗ ಇದೆ ಸಾರ್, 60 ಜಿಬಿ ಖಾಲಿ ಆಗಿದೆ. ಆದ್ರೂ ತುಂಬಿದೆ ಅಂತಲೇ ಅಂತಿದೆ." ಅವನ ದನಿಯಲ್ಲಿ ಅಳು ಇತ್ತು.

ಒರಾಕಲ್ ಆ ಜಾಗದ ಲೆಕ್ಕವನ್ನು ತನ್ನದೇ ಕಂಟ್ರೋಲ್ ಫೈಲಿನಲ್ಲಿ ಇಟ್ಟುಕೊಂಡಿರುತ್ತದೆ. ಹೊರಗಿನಿಂದ ಫೈಲ್ ಅಳಿಸಿದರೆ ಅದಕ್ಕೆ ತಿಳಿಯುವುದಿಲ್ಲ. ಒರಾಕಲ್‌ನ ಬ್ಯಾಕಪ್ ಪ್ರೋಗ್ರಾಂ ಆರ್‌ಮ್ಯಾನ್ ಒಳಗೆ ಹೋಗಿ ಕ್ರಾಸ್‌ಚೆಕ್ ಮಾಡಿಸಬೇಕು. ಇಲ್ಲದ ಫೈಲುಗಳು ಎಕ್ಸ್‌ಪೈರ್ಡ್ ಅಂತ ಗುರುತಾಗುತ್ತವೆ. ಆಮೇಲೆ ಅವನ್ನು ಪಟ್ಟಿಯಿಂದ ತೆಗೆಸಬೇಕು. ಅಷ್ಟು ಮಾಡಿದ ಮೇಲೆ ಡೇಟಾಬೇಸ್ ಎದ್ದಿತು. ಎಂಟೂ ಇಪ್ಪತ್ತಕ್ಕೆ ಮೊದಲ ಬಿಲ್ ಪ್ರಿಂಟ್ ಆಯಿತು. ಹುಡುಗ ಲಾರಿಯವರಿಗೆ ಕೂಗಿ ಹೇಳಿದ್ದು ಫೋನಿನಲ್ಲೇ ಕೇಳಿಸಿತು.

ಅಲ್ಲಿಗೆ ಫೋನ್ ಇಟ್ಟುಬಿಡಬಹುದಿತ್ತು. ನಿಜವಾದ ಕೆಲಸ ಅಲ್ಲಿಂದ ಶುರು. ಅಳಿಸಿದ ಲಾಗ್‌ಗಳು ಬ್ಯಾಕಪ್ ಆಗಿದ್ದವಾ? ಇಲ್ಲ. ಅಂದರೆ ಆ ರಾತ್ರಿ ಡಿಸ್ಕ್ ಹೋದರೆ ಹಳೇ ಬ್ಯಾಕಪ್ಪಿನಿಂದ ಆ ಹೊತ್ತಿನವರೆಗೆ ಬರಲು ದಾರಿಯೇ ಇರಲಿಲ್ಲ. ಕೂಡಲೇ ಪೂರ್ತಿ ಬ್ಯಾಕಪ್ ಹಾಕಿದೆ. ಇನ್ನೊಂದು ಕಟ್ಟಡದಲ್ಲಿ ಸ್ಟ್ಯಾಂಡ್‌ಬೈ (ಡೇಟಾಬೇಸಿನ ಸಿದ್ಧ ನಕಲು) ಇತ್ತು. ಆ ಲಾಗ್‌ಗಳು ಅಲ್ಲಿಗೂ ಹೋಗಿರಲಿಲ್ಲ. ಅದು ನಡುವಿನ ತುಂಡು ಸಿಗದೆ ಕಾಯುತ್ತಾ ಕೂತಿತ್ತು. ಆಗ 11ಜಿ. ಈಗಿನ ವರ್ಷನ್‌ಗಳಲ್ಲಿ ಒಂದೇ ಕಮಾಂಡ್‌ನಲ್ಲಿ ಮೂಲದಿಂದ ಎಳೆದುಕೊಳ್ಳಬಹುದು. ಆಗ ಸ್ಟ್ಯಾಂಡ್‌ಬೈ ಎಲ್ಲಿ ನಿಂತಿದೆ ಅಂತ ಎಸ್‌ಸಿಎನ್ (ಬದಲಾವಣೆಗಳ ಕ್ರಮಸಂಖ್ಯೆ) ನೋಡಿಕೊಂಡು, ಅಲ್ಲಿಂದ ಮುಂದಿನ ಇನ್‌ಕ್ರಿಮೆಂಟಲ್ ಬ್ಯಾಕಪ್ ತೆಗೆದು, ಆ ಕಡೆಗೆ ಸಾಗಿಸಿ, ಹಾಕಬೇಕಿತ್ತು. ಮುಗಿಯುವಾಗ ಬೆಳಗಿನ ಜಾವ ನಾಲ್ಕು.

ಇದೆಲ್ಲ ಆ ಮೊದಲೇ ಕೈಗೆ ಹತ್ತಿತ್ತು. ಎಲ್ಲಿ ಅಂದರೆ ಓಸಿಎಂ ಪಠ್ಯ ಇಟ್ಟುಕೊಂಡು ಮನೆಯ ಎರಡು ಹಳೇ ಕಂಪ್ಯೂಟರಿನ ಮೇಲೆ. ಸ್ಟ್ಯಾಂಡ್‌ಬೈ ಕಟ್ಟುವುದು, ಬೇಕಂತಲೇ ಮುರಿಯುವುದು, ಮತ್ತೆ ಜೋಡಿಸುವುದು. ಆರು ತಿಂಗಳು ಶನಿವಾರ, ಭಾನುವಾರ ಇದನ್ನೇ ಮಾಡಿದ್ದೆ. ಪರೀಕ್ಷೆಗೆ ಕೂರಲಿಲ್ಲ. ಆ ಯಜಮಾನರು ಮರುದಿನ ಫೋನ್ ಮಾಡಿ ನಿಮ್ಮ ಹತ್ತಿರ ಯಾವ ಸರ್ಟಿಫಿಕೇಟ್ ಇದೆ ಅಂತ ಕೇಳಲಿಲ್ಲ. ವರ್ಷದ ಕಾಂಟ್ರಾಕ್ಟ್ ಬರೆಯೋಣ ಬನ್ನಿ ಅಂದರು. ಆಮೇಲೆ ಅವರ ಮಾತಿನಿಂದಲೇ ಇನ್ನಿಬ್ಬರು ಕ್ಲೈಂಟ್ ಬಂದರು.

ಒಬ್ಬರೇ ಕೆಲಸ ಮಾಡುವವರಿಗೆ ಇಂಥ ಪಠ್ಯದಿಂದ ಆಗುವ ದೊಡ್ಡ ಉಪಕಾರ ಇದೇ. ಕಂಪನಿಯಲ್ಲಿ ಪಕ್ಕದ ಸೀಟಿನಲ್ಲಿ ಒಬ್ಬ ಸೀನಿಯರ್ ಇರುತ್ತಾರೆ. ನಮಗೆ ಗೊತ್ತಿಲ್ಲದ್ದು ಯಾವುದು ಅಂತ ಅವರು ತೋರಿಸುತ್ತಾರೆ. ಮನೆಯಲ್ಲಿ ಕೂತವರಿಗೆ ಹಾಗೆ ತೋರಿಸುವವರಿಲ್ಲ. ದಿನಾ ಮಾಡುವ ಹತ್ತು ಕೆಲಸದಲ್ಲಿ ಪಳಗುತ್ತೇವೆ, ಹನ್ನೊಂದನೆಯದು ಎದುರಾದಾಗ ಕೈ ನಡುಗುತ್ತದೆ. ಪಠ್ಯದ ಪಟ್ಟಿ ಮುಂದಿಟ್ಟುಕೊಂಡು ಒಂದು ಸಂಜೆ ಪ್ರಾಮಾಣಿಕವಾಗಿ ಗುರುತು ಹಾಕಿ: ಇದನ್ನು ಕೈಯಾರೆ ಮಾಡಿದ್ದೇನೆ, ಇದನ್ನು ಓದಿದ್ದೇನೆ ಅಷ್ಟೇ, ಇದರ ಹೆಸರೇ ಹೊಸದು. ಆ ಪಟ್ಟಿ ಬಿಟ್ಟಿ ಸಿಗುತ್ತದೆ.

ಇನ್ನು ನಿಮ್ಮ ಮೂರು ಕ್ಲೈಂಟ್‌ಗಳ ವಿಷಯಕ್ಕೆ ಬರುತ್ತೇನೆ. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಅಲ್ಲೇ ಇದೆ.

ಇಬ್ಬರದ್ದು ಸ್ಟ್ಯಾಂಡರ್ಡ್ ಎಡಿಷನ್ 2. ಅದರಲ್ಲಿ ಡೇಟಾ ಗಾರ್ಡ್ ಇಲ್ಲ. 19ಸಿಯಿಂದ ರ‍್ಯಾಕ್ ಕೂಡ ಇಲ್ಲ. ನಾನು ಹೇಳಿದ ಮಾಸ್ಟರ್ ಪರೀಕ್ಷೆಯಲ್ಲಿ ಈ ಎರಡೂ ಇದ್ದವು. ಅಂದರೆ ಆರೂವರೆ ಲಕ್ಷ ಕೊಟ್ಟು ಕಲಿತದ್ದರಲ್ಲಿ ಒಂದು ಪಾಲನ್ನು ನಿಮ್ಮ ಇಬ್ಬರು ಕ್ಲೈಂಟ್‌ಗಳಲ್ಲಿ ಬಳಸಲು ಬರುವುದಿಲ್ಲ. ಅವರಿಗೆ ಬೇಕಾದ್ದು ಬೇರೆ ಇದೆ, ಅದನ್ನು ಕಲಿಸುವ ಕೋರ್ಸ್ ಕಡಿಮೆ. ಉದಾಹರಣೆಗೆ ಲೈಸೆನ್ಸ್.

ಈ ವಿಷಯ ಸ್ವಲ್ಪ ಗಮನ ಕೊಟ್ಟು ಓದಿ. ಡೇಟಾಬೇಸ್ ನಿಧಾನ ಅಂದ ಕೂಡಲೇ ನಾವೆಲ್ಲ, ಸಮಯ ಎಲ್ಲಿ ಹೋಗುತ್ತಿದೆ ಅಂತ ತೋರಿಸುವ ಎಡಬ್ಲ್ಯುಆರ್ ರಿಪೋರ್ಟ್ ತೆಗೆಯುತ್ತೇವೆ. ಕೋರ್ಸ್‌ಗಳಲ್ಲೂ ಅದನ್ನೇ ಕಲಿಸುತ್ತಾರೆ. ಆದರೆ ಅದಕ್ಕೆ ಡಯಾಗ್ನಾಸ್ಟಿಕ್ಸ್ ಪ್ಯಾಕ್ ಲೈಸೆನ್ಸ್ ಬೇಕು. ಅದನ್ನು ಎಂಟರ್‌ಪ್ರೈಸ್ ಎಡಿಷನ್ ಮೇಲೆ ಮಾತ್ರ ಕೊಳ್ಳಬಹುದು. ಬೆಲೆಪಟ್ಟಿಯಲ್ಲಿ ಎಂಟರ್‌ಪ್ರೈಸ್ ಎಡಿಷನ್ ಪ್ರೊಸೆಸರ್‌ಗೆ 47,500 ಡಾಲರ್, ಈ ಪ್ಯಾಕ್ ಅದರ ಮೇಲೆ 7,500. ಸ್ಟ್ಯಾಂಡರ್ಡ್ ಎಡಿಷನ್‌ನವರಿಗೆ ಕೊಳ್ಳುವ ದಾರಿಯೇ ಇಲ್ಲ, ಆದರೆ ರಿಪೋರ್ಟ್ ತೆಗೆಯುವ ಸ್ಕ್ರಿಪ್ಟ್ ಮಾತ್ರ ಸರ್ವರಿನಲ್ಲೇ ಕೂತಿರುತ್ತದೆ. ನೀವು ಒಳ್ಳೆ ಮನಸ್ಸಿನಿಂದ ಓಡಿಸುತ್ತೀರಿ. ಬಳಸಿದ ಗುರುತು ಡೇಟಾಬೇಸಿನಲ್ಲೇ ಉಳಿಯುತ್ತದೆ. ಮುಂದೆ ಆಡಿಟ್ ಬಂದರೆ ಉತ್ತರ ಕೊಡಬೇಕಾದವರು ನಿಮ್ಮ ಕ್ಲೈಂಟ್. ನಿಮ್ಮ ಆಸ್ಪತ್ರೆಯಲ್ಲಿ, ಕಾರ್ಖಾನೆಯಲ್ಲಿ ಕಂಟ್ರೋಲ್ ಮ್ಯಾನೇಜ್‌ಮೆಂಟ್ ಪ್ಯಾಕ್ ಆಕ್ಸೆಸ್ ಅನ್ನುವ ಪ್ಯಾರಾಮೀಟರ್ NONE ಆಗಿದೆಯಾ ಅಂತ ಇವತ್ತೇ ನೋಡಿ. ಅಲ್ಲಿ ಎಡಬ್ಲ್ಯುಆರ್ ಬದಲು ಸ್ಟ್ಯಾಟ್ಸ್‌ಪ್ಯಾಕ್ ಹಾಕಿ. ಹಳೆಯದಾದರೂ ಕೆಲಸ ಮಾಡುತ್ತದೆ, ಪ್ರತ್ಯೇಕ ಲೈಸೆನ್ಸೂ ಬೇಡ. ಇದನ್ನು ತಿಳಿದ ಕಾಂಟ್ರಾಕ್ಟರ್ ಒಬ್ಬರು ಎಂಥ ದೊಡ್ಡ ಖರ್ಚಿನಿಂದ ತಪ್ಪಿಸಬಲ್ಲರು ಅನ್ನುವುದು ಯಜಮಾನರಿಗೆ ತಕ್ಷಣ ಅರ್ಥವಾಗುತ್ತದೆ.

ಆಸ್ಪತ್ರೆಯ ಬಗ್ಗೆ ನನಗೆ ಇನ್ನೊಂದು ಕಳವಳ ಇದೆ. ಅಲ್ಲಿನ ಬ್ಯಾಕಪ್ಪನ್ನು ಕೊನೆಯ ಸಲ ಇನ್ನೊಂದು ಮೆಷಿನ್ ಮೇಲೆ ಪೂರ್ತಿ ರೀಸ್ಟೋರ್ ಮಾಡಿ ನೋಡಿದ್ದು ಯಾವಾಗ? ಬ್ಯಾಕಪ್ ಜಾಬ್ ಹಸಿರು ತೋರಿಸಿತು ಅನ್ನುವುದು ಲೆಕ್ಕಕ್ಕಿಲ್ಲ. 2017ರ ಜನವರಿ 31ರಂದು, ಪ್ರೋಗ್ರಾಂ ಕೋಡ್ ಇಡುವ ತಾಣವಾದ ಗಿಟ್‌ಲ್ಯಾಬ್‌ನಲ್ಲಿ ಏನಾಯಿತು ಅಂತ ಅವರೇ ಬರೆದು ಪ್ರಕಟಿಸಿದ್ದಾರೆ. ಇಂಜಿನಿಯರ್ ಒಬ್ಬರು ಎರಡನೇ ಸರ್ವರ್ ಅಂದುಕೊಂಡು ಮುಖ್ಯ ಸರ್ವರಿನ ಪೋಸ್ಟ್‌ಗ್ರೆಸ್ ಫೋಲ್ಡರನ್ನೇ ಅಳಿಸಿದರು. ಸುಮಾರು 300 ಜಿಬಿಯಲ್ಲಿ ನಾಲ್ಕೂವರೆ ಜಿಬಿ ಉಳಿಯಿತು. ದಿನದ ಬ್ಯಾಕಪ್ ಇದೆಯಲ್ಲ ಅಂತ ಹುಡುಕಿದರೆ ಅದು ಖಾಲಿ. ಡೇಟಾಬೇಸ್ 9.6, ಬ್ಯಾಕಪ್ ತೆಗೆಯುವ ಪ್ರೋಗ್ರಾಂ 9.2. ಹಾಗಾಗಿ ಅದು ಪ್ರತಿ ಸಲ ಸೋಲುತ್ತಿತ್ತು. ಸೋತಿದ್ದೇನೆ ಅಂತ ಕಳಿಸುತ್ತಿದ್ದ ಇಮೇಲ್‌ಗಳೂ ತಿರಸ್ಕಾರವಾಗಿ ಯಾರಿಗೂ ತಲುಪುತ್ತಿರಲಿಲ್ಲ. ಬೇರೇನೋ ಕೆಲಸಕ್ಕೆ ಆರು ಗಂಟೆ ಮುಂಚೆ ಯಾರೋ ತೆಗೆದಿಟ್ಟಿದ್ದ ಒಂದು ಸ್ನ್ಯಾಪ್‌ಶಾಟ್ ಅವರನ್ನು ಉಳಿಸಿತು. ಅಲ್ಲಿದ್ದವರು ದಡ್ಡರಲ್ಲ. ರೀಸ್ಟೋರ್ ಮಾಡಿ ನೋಡಿರಲಿಲ್ಲ, ಅಷ್ಟೇ.

ಹೀಗೆ ರೀಸ್ಟೋರ್ ಮಾಡಿ ನೋಡಲು ಇನ್ನೊಂದು ಸರ್ವರ್ ಬೇಕು, ಅದಕ್ಕೂ ಲೈಸೆನ್ಸ್ ಕೇಳುತ್ತಾರೆ ಅಂತ ಎಷ್ಟೋ ಜನ ಹಿಂಜರಿಯುತ್ತಾರೆ. ಬ್ಯಾಕಪ್ ಪರೀಕ್ಷೆ ಮಾಡಲು ಒರಾಕಲ್ ವರ್ಷಕ್ಕೆ ನಾಲ್ಕು ಸಲ, ಒಂದೊಂದು ಸಲಕ್ಕೆ ಎರಡು ದಿನ ಮೀರದಂತೆ ಅವಕಾಶ ಕೊಟ್ಟಿದೆ. ಮೂರು ತಿಂಗಳಿಗೊಮ್ಮೆ ಅಂತ ಹಿಡಿದರೆ ಸರಿಯಾಗಿ ಹೊಂದುತ್ತದೆ. ಇದನ್ನೇ ನಿಮ್ಮ ಕಾಂಟ್ರಾಕ್ಟಿನಲ್ಲಿ ಒಂದು ಪ್ರತ್ಯೇಕ ಸಾಲಾಗಿ ಬರೆದು, ದಿನದ ಲೆಕ್ಕದಲ್ಲಿ ಅಲ್ಲದೆ ಒಂದು ಮೊತ್ತಕ್ಕೆ ಬಿಲ್ ಮಾಡಿ. ಮುಗಿದ ಮೇಲೆ ಒಂದು ಪುಟದ ವರದಿ ಕೊಡಿ. ಯಾವ ದಿನದ ಬ್ಯಾಕಪ್, ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ಸಿಕ್ಕಿಕೊಂಡಿತು, ನಾಳೆ ಸರ್ವರ್ ಸುಟ್ಟುಹೋದರೆ ಹೊರರೋಗಿ ಚೀಟಿ ಎಷ್ಟು ಗಂಟೆ ನಿಲ್ಲುತ್ತದೆ. ಕನ್ನಡದಲ್ಲೇ ಬರೆಯಿರಿ, ಆಡಳಿತದವರು ಓದುವಂತಿರಲಿ. ಅಂಥ ನಾಲ್ಕು ವರದಿ ಕೈಯಲ್ಲಿದ್ದರೆ, ಕ್ಲೈಂಟಿನ ಒಪ್ಪಿಗೆ ತಗೊಂಡು ಅವರ ಹೆಸರು ಅಳಿಸಿ ಹೊಸಬರಿಗೆ ತೋರಿಸಿ. ರೇಟ್ ಮಾತಾಡುವ ಮೇಜಿನ ಮೇಲೆ ಅದಕ್ಕಿಂತ ಗಟ್ಟಿ ಕಾಗದ ನಾನು ನೋಡಿಲ್ಲ.

ಮೂರನೆಯವರು ದುಬೈನವರು. ನಿಮ್ಮ ಮುಂದಿನ ಮೂರು ವರ್ಷದ ಊಟ ಅಲ್ಲಿದೆ ಅಂತ ನನ್ನ ಅನಿಸಿಕೆ. ಅವರು ಪೋಸ್ಟ್‌ಗ್ರೆಸ್‌ಗೆ ಹೋಗುವ ಮಾತಾಡುತ್ತಿರುವಾಗ ನೀವು ಒರಾಕಲ್ ಮಾಸ್ಟರ್ ಆಗಲು ಹೊರಟರೆ, ಅವರು ಖಾಲಿ ಮಾಡುತ್ತಿರುವ ಮನೆಗೆ ನೀವು ಸುಣ್ಣ ಬಳಿದ ಹಾಗೆ. ಪೋಸ್ಟ್‌ಗ್ರೆಸ್‌ಗೆ ಅದನ್ನು ಕಟ್ಟುವ ಸಮುದಾಯ ಕೊಡುವ ಅಧಿಕೃತ ಸರ್ಟಿಫಿಕೇಟ್ ಅಂತ ಇಲ್ಲ. ಇಡಿಬಿಯಂಥ ಕಂಪನಿಗಳು ತಮ್ಮದನ್ನು ಕೊಡುತ್ತವೆ. ಅಲ್ಲಿ ಕೈಕೆಲಸವೇ ಮಾತಾಡುವುದು.

ಆ ಕೈಕೆಲಸ ಅಂದರೆ ಏನು ಅನ್ನುವುದಕ್ಕೆ ಒಂದು ಸಣ್ಣ ಉದಾಹರಣೆ. ಒರಾಕಲ್‌ನಲ್ಲಿ ಖಾಲಿ ಅಕ್ಷರಸಾಲು ಮತ್ತು ನಲ್ (ಬೆಲೆಯೇ ಇಲ್ಲ ಅನ್ನುವ ಗುರುತು) ಎರಡೂ ಒಂದೇ. ಪೋಸ್ಟ್‌ಗ್ರೆಸ್‌ನಲ್ಲಿ ಬೇರೆ ಬೇರೆ. ಎರಡನೇ ವಿಳಾಸದ ಕಾಲಂ ನಲ್ ಇದ್ದರೆ ಬಿಟ್ಟು ಮುಂದೆ ಹೋಗು ಅಂತ ಬರೆದ ಹಳೇ ಪ್ರೋಗ್ರಾಂ, ಹೊಸ ಡೇಟಾಬೇಸಿನಲ್ಲಿ ಖಾಲಿ ಸಾಲು ಸಿಕ್ಕಾಗ ಅದನ್ನು ವಿಳಾಸ ಅಂತಲೇ ತಿಳಿಯುತ್ತದೆ. ಇನ್ನೊಂದು, ಒಂದು ಹೆಸರಿಗೆ ಇನ್ನೊಂದನ್ನು ಅಂಟಿಸುವಾಗ ನಡುವೆ ನಲ್ ಬಂದರೆ ಒರಾಕಲ್ ಅದನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ, ಪೋಸ್ಟ್‌ಗ್ರೆಸ್‌ನಲ್ಲಿ ಇಡೀ ಸಾಲೇ ನಲ್ ಆಗಿಬಿಡುತ್ತದೆ. ಸರಕು ಸಾಗಣೆಯವರ ಲೇಬಲ್ ಮೇಲೆ ಹೆಸರೇ ಮಾಯ. ಒರಾಕಲ್‌ನ ಡೇಟ್ ಕಾಲಂನಲ್ಲಿ ಗಂಟೆ, ನಿಮಿಷವೂ ಇರುತ್ತದೆ. ಅದನ್ನು ಅದೇ ಹೆಸರಿನ ಡೇಟ್‌ಗೆ ಸಾಗಿಸಿದರೆ ಗಂಟೆ ಕಳೆದುಹೋಗುತ್ತದೆ. ಓರಾಟುಪಿಜಿ ಅನ್ನುವ ಬಿಟ್ಟಿ ಪ್ರೋಗ್ರಾಂ ಟೇಬಲ್‌ಗಳನ್ನು ಚೆನ್ನಾಗಿ ಸಾಗಿಸುತ್ತದೆ, ಎಷ್ಟು ಕೆಲಸ ಇದೆ ಅಂತ ಒಂದು ಅಂದಾಜು ವರದಿಯನ್ನೂ ಕೊಡುತ್ತದೆ. ಆದರೆ ಪ್ರೋಗ್ರಾಂ ಒಳಗಿನ ಇಂಥ ಅಭ್ಯಾಸಗಳನ್ನು ಹುಡುಕಬೇಕಾದವರು ಎರಡೂ ಕಡೆ ತಿಳಿದ ಮನುಷ್ಯರು. ಹನ್ನೆರಡು ವರ್ಷ ಒರಾಕಲ್ ಮಾಡಿದ ನಿಮ್ಮ ಬೆಲೆ ಅಲ್ಲಿದೆ. ಆ 45 ದಿನದಲ್ಲಿ 20 ದಿನ ಇದಕ್ಕೆ ಕೊಡಿ. ಆ ಅಂದಾಜು ವರದಿಯನ್ನು ಏಜೆನ್ಸಿಗೆ ತಿಳಿಸಿ, ಅವರ ಒಪ್ಪಿಗೆಯ ಮೇಲೆ ದುಬೈನವರಿಗೆ ನೀವೇ ಮಾಡಿಕೊಡಿ.

ಸರ್ಟಿಫಿಕೇಟ್ ನಿಜವಾಗಿಯೂ ಬೇಕಾಗುವ ಬಾಗಿಲುಗಳು ಇವೆ. ಅವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಸರ್ಕಾರಿ, ಬ್ಯಾಂಕ್ ಟೆಂಡರ್‌ಗಳಲ್ಲಿ ಕೆಲಸಕ್ಕೆ ಬರುವ ಡಿಬಿಎಗೆ ಇಂಥ ಸರ್ಟಿಫಿಕೇಟ್ ಇರಬೇಕು ಅಂತ ಬರೆದಿರುತ್ತಾರೆ. ಅಲ್ಲಿ ನಿಮ್ಮ ಅನುಭವ ಎಷ್ಟೇ ಇರಲಿ, ಕಾಗದ ಇಲ್ಲದಿದ್ದರೆ ಹೆಸರು ಸೇರಿಸಲು ಬರುವುದಿಲ್ಲ. ಆದರೆ ಅಲ್ಲಿ ಸಾಮಾನ್ಯವಾಗಿ ಕೇಳುವುದು ಓಸಿಪಿಯನ್ನು. ಎರಡನೆಯದು, ದೊಡ್ಡ ಕ್ಲೌಡ್ ಕಂಪನಿಗಳ ಪಾರ್ಟ್ನರ್ ಆಗಿರುವ ಸಂಸ್ಥೆಗಳು. ಪಾರ್ಟ್ನರ್ ದರ್ಜೆ ಉಳಿಸಿಕೊಳ್ಳಲು ಅವರಿಗೆ ಇಷ್ಟು ಜನ ಸರ್ಟಿಫಿಕೇಟ್ ಇರುವವರು ಬೇಕು. ಅಂಥವರು ಕರೆದರೆ, ಹೊರಗಿನ ಕಾಂಟ್ರಾಕ್ಟರಿನದ್ದು ಲೆಕ್ಕಕ್ಕೆ ಬರುತ್ತದಾ ಅಂತ ಬರಹದಲ್ಲಿ ಕೇಳಿ. ಬರುತ್ತದೆ ಅಂದರೆ ಫೀಸು ಅವರೇ ಕಟ್ಟಲಿ. ಮೂರನೆಯದು ನಿಮಗೆ ಸಂಬಂಧಿಸಿದ್ದು: ಏಜೆನ್ಸಿಗಳ ಜರಡಿ. ನೂರು ರೆಸ್ಯೂಮೆ ಬಂದಾಗ ಅವರು ಒಂದು ಪದ ಹುಡುಕಿ ಇಪ್ಪತ್ತಕ್ಕೆ ಇಳಿಸುತ್ತಾರೆ. ಆ ಪದ ನಿಮ್ಮ ರೆಸ್ಯೂಮೆಯಲ್ಲಿ ಹೊಸದಾಗಿರಬೇಕು. 12ಸಿ ಹಳೆಯದಾಯಿತು. 19ಸಿಗೆ ಒರಾಕಲ್ ಮುಖ್ಯ ಬೆಂಬಲವನ್ನು 2029ರ ಕೊನೆಯವರೆಗೆ ಕೊಟ್ಟಿದೆ, ಹಾಗಾಗಿ ಇನ್ನೂ ಕೆಲವು ವರ್ಷ ಹೆಚ್ಚಿನ ಕಡೆ ಅದೇ ಓಡುತ್ತದೆ. ನಿಮ್ಮ ಓಸಿಪಿಯನ್ನು ಅಲ್ಲಿಗೆ ತಂದುಕೊಳ್ಳಿ. ಅದಕ್ಕೆ ಲಕ್ಷಗಟ್ಟಲೆ ಬೇಕಿಲ್ಲ, 45 ದಿನ ಕೂರುವುದೂ ಬೇಡ. ಕ್ಲೌಡ್ ಕಡೆಯದೊಂದು ಬೇಕೆನಿಸಿದರೆ ಮೈಕ್ರೋಸಾಫ್ಟ್ ಕ್ಲೌಡಿನ ಡೇಟಾಬೇಸ್ ಸರ್ಟಿಫಿಕೇಟ್ ಡಿಪಿ-300 ನೋಡಿ. ಅದನ್ನು ವರ್ಷಕ್ಕೊಮ್ಮೆ ಆನ್‌ಲೈನ್‌ನಲ್ಲಿ ಫೀಸಿಲ್ಲದೆ ನವೀಕರಿಸಬಹುದು. ಆದರೆ ನಿಮ್ಮ ಮೂವರಲ್ಲಿ ಯಾರೂ ಅದನ್ನು ಬಳಸುತ್ತಿಲ್ಲ ಅನ್ನುವುದೂ ನೆನಪಿರಲಿ.

ಒಂದು ಮಾತು ಕಟ್ಟುನಿಟ್ಟಾಗಿ ಹೇಳಬೇಕು. ಪ್ರಶ್ನೆ-ಉತ್ತರ ಸೋರಿಕೆಯ ಡಂಪ್‌ಗಳನ್ನು ಮುಟ್ಟಬೇಡಿ. ಕೆಲವು ಸಂಸ್ಥೆಗಳ ಪಾಸಾಗುವ ಗ್ಯಾರಂಟಿ ನಿಂತಿರುವುದೇ ಅದರ ಮೇಲೆ. ಸಿಕ್ಕಿಬಿದ್ದರೆ ಹಳೇ ಸರ್ಟಿಫಿಕೇಟೂ ಹೋಗುತ್ತದೆ. ಸಿಕ್ಕಿಬೀಳದಿದ್ದರೂ, ಕಾಂಟ್ರಾಕ್ಟರನ್ನು ಆರಿಸಲು ನಾನು ಕೂತಾಗ ಮೊದಲ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಕೊನೆಯ ಸಲ ರೀಸ್ಟೋರ್ ಮಾಡಿದಾಗ ಯಾವ ತಪ್ಪು ಬಂತು ಅಂತ ಕೇಳುತ್ತೇನೆ. ಮಾಡಿದವರಿಗೆ ಏನೋ ಒಂದು ತಪ್ಪು ಬಂದೇ ಇರುತ್ತದೆ, ಅದನ್ನು ಹೇಳುವಾಗ ಮುಖ ಅರಳುತ್ತದೆ. ಡಂಪ್ ಓದಿದವರು ಕಮಾಂಡನ್ನು ಚೆನ್ನಾಗಿ ಒಪ್ಪಿಸುತ್ತಾರೆ.

ರೇಟ್ ಜಾಸ್ತಿ ಮಾಡಿಕೊಳ್ಳುವ ಆಸೆ ನ್ಯಾಯವಾದದ್ದೇ. ಎರಡು ವರ್ಷದಿಂದ ಅದೇ 9 ಸಾವಿರಕ್ಕೆ ನಿಂತಿದ್ದರೆ ಅದು ನಿಮ್ಮ ವಿದ್ಯೆಯ ಕೊರತೆಯಿಂದ ಇರಲಾರದು. ನೀವು ಕೇಳದೆ ಇರುವುದರಿಂದ ಇರಬಹುದು. ಕಾರ್ಖಾನೆಯವರ ಕಾಂಟ್ರಾಕ್ಟ್ ಮುಂದಿನ ಸಲ ನವೀಕರಿಸುವಾಗ ಲೈಸೆನ್ಸ್ ತಪಾಸಣೆಯ ಒಂದು ಪುಟ ಮುಂದಿಟ್ಟು ಹತ್ತೂವರೆ ಕೇಳಿ. ಅದೊಂದು ಮಾತಿಗೆ ಎರಡೂವರೆ ಲಕ್ಷದ ಬೆಂಬಲ ಬೇಕಿಲ್ಲ.

ಈ ತಿಂಗಳು ಮೊದಲು ಆಸ್ಪತ್ರೆಯ ರೀಸ್ಟೋರ್ ಮಾಡಿ. ಶನಿವಾರ ಮಧ್ಯಾಹ್ನ ಶುರು ಮಾಡಿದರೆ ಭಾನುವಾರ ರಾತ್ರಿ ಒಳಗೆ ಮುಗಿಯಬೇಕು. ಪಾಸ್‌ವರ್ಡ್ ಫೈಲ್, ಪ್ಯಾರಾಮೀಟರ್ ಫೈಲ್, ಎನ್‌ಕ್ರಿಪ್ಷನ್ ಬಳಸಿದ್ದರೆ ಅದರ ಕೀಲಿ, ಈ ಮೂರೂ ಹಳೇ ಸರ್ವರ್ ಮುಟ್ಟದೆ ಸಿಗುತ್ತವಾ ಅಂತ ನೋಡಿಕೊಂಡೇ ಶುರು ಮಾಡಿ. ಸಾಮಾನ್ಯವಾಗಿ ಸಿಕ್ಕಿಕೊಳ್ಳುವುದು ಅಲ್ಲೇ.